ಚಿಕ್ಕ ಮನೆಗಳಲ್ಲಿ ಅಡುಗೆ ಅನಿಲದ ಬಳಕೆ: ಕಾರ್ಬನ್ ಮೊನಾಕ್ಸೈಡ್ ಅಪಾಯ ಮತ್ತು ಮುನ್ನೆಚ್ಚರಿಕೆಗಳು

ಹೊಸದಾಗಿ ಅಡುಗೆ ಅನಿಲ (ಎಲ್‌ಪಿಜಿ) ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರ ಹಾಗೂ ಈಗಾಗಲೇ ಸಂಪರ್ಕ ಪಡೆದಿರುವ ಗ್ರಾಹಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಕಾಸರಕೋಡ ಮತ್ತು ಟೊಂಕ, ಹಾಗೆಯೇ ಕುಮಟಾ ಮತ್ತು ಭಟ್ಕಳ ತಾಲ್ಲೂಕುಗಳ ಕರಾವಳಿ ಗ್ರಾಮಗಳಲ್ಲಿ ಅಡುಗೆ, ಊಟ, ನಿದ್ರೆ ಎಲ್ಲವೂ ಒಂದೇ ಕೊಠಡಿಯಲ್ಲಿ ನಡೆಯುವ ಮನೆಗಳಿವೆ. ಇಂತಹ ಮನೆಗಳಲ್ಲಿ ವಾಸಿಸುವವರು ಇದನ್ನು ಪೂರ್ಣವಾಗಿ ಓದಿ, ಮನೆಯ ಇತರ ಸದಸ್ಯರಿಗೂ ತಿಳಿಸಬೇಕೆಂದು ಕೋರಲಾಗಿದೆ.

ಅಡುಗೆ ಅನಿಲದ ಅಪಾಯವೆಂದರೆ ಸೋರಿಕೆ ಮತ್ತು ಬೆಂಕಿ ಎಂಬುದು ಸಾಮಾನ್ಯವಾದ ತಿಳುವಳಿಕೆ. ಅದು ಸರಿಯಾದುದೇ. ಆದರೆ ಅನಿಲವು ಸೋರದೆ, ಒಲೆಯು ಉರಿಯುತ್ತಿರುವಾಗಲೇ ಉಂಟಾಗುವ ಎರಡನೆಯ ಅಪಾಯವೊಂದಿದೆ. ಅದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ್ದು.

1. ಎರಡು ಅನಿಲಗಳು, ಎರಡು ಅಪಾಯಗಳು

ಸಿಲಿಂಡರಿನಲ್ಲಿರುವ ಅನಿಲವು ಮುಖ್ಯವಾಗಿ ಬ್ಯುಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಇವುಗಳಿಗೆ ಸ್ವತಃ ಹೇಳಿಕೊಳ್ಳುವಂತಹ ವಾಸನೆಯಿಲ್ಲ. ಸೋರಿಕೆಯು ಗೊತ್ತಾಗಲೆಂದು ತೀಕ್ಷ್ಣ ವಾಸನೆಯ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಇದಕ್ಕೆ ಬೆರೆಸಲಾಗುತ್ತದೆ. ಈ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ.

ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿನಿಂದ ಬರುವುದಲ್ಲ, ಉರಿಯಿಂದ ಹುಟ್ಟುವುದು. ಅನಿಲ, ಸೌದೆ, ಇದ್ದಿಲು, ಸೀಮೆಎಣ್ಣೆ, ಡೀಸೆಲ್ ಇವುಗಳಲ್ಲಿ ಯಾವುದೇ ಆಗಲಿ, ಸಾಕಷ್ಟು ಗಾಳಿ ದೊರೆಯದೆ ಅರೆಬರೆಯಾಗಿ ಉರಿದಾಗ ಇದು ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಮರ್ಕ್ಯಾಪ್ಟನ್ ಒಲೆಯಲ್ಲಿ ಸುಟ್ಟುಹೋಗುವುದರಿಂದ ಅದರ ವಾಸನೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಇದರ ತೂಕವು ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ನೆಲದಿಂದ ಮಾಡಿನವರೆಗೆ ಇಡೀ ಕೊಠಡಿಯಲ್ಲಿ ಬೆರೆತುಬಿಡುತ್ತದೆ.

ಆದ್ದರಿಂದ "ಗ್ಯಾಸ್ ವಾಸನೆ ಬರುತ್ತಿಲ್ಲ, ಏನೂ ತೊಂದರೆಯಿಲ್ಲ" ಎಂಬ ಭಾವನೆಯು ಸೋರಿಕೆಯ ಮಟ್ಟಿಗೆ ಮಾತ್ರ ಸರಿ. ಕಾರ್ಬನ್ ಮೊನಾಕ್ಸೈಡ್‌ನ ವಿಷಯದಲ್ಲಿ ಮೂಗನ್ನು ನಂಬುವಂತಿಲ್ಲ. ಉರಿಯ ಬಣ್ಣವನ್ನು ಗಮನಿಸುವುದು ಮತ್ತು ಗಾಳಿಯ ದಾರಿಯನ್ನು ತೆರೆದಿಡುವುದು, ಇವೆರಡೇ ಇದಕ್ಕೆ ರಕ್ಷಣೆ.

2. ದೇಹದ ಮೇಲೆ ಆಗುವ ಪರಿಣಾಮ

ಉಸಿರಿನ ಮೂಲಕ ಒಳಹೋದ ಆಮ್ಲಜನಕವನ್ನು ದೇಹದ ಎಲ್ಲ ಅಂಗಗಳಿಗೆ ಒಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಆಮ್ಲಜನಕಕ್ಕಿಂತ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಇದರ ಪ್ರಮಾಣವು ಅತ್ಯಲ್ಪವಾಗಿದ್ದರೂ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕ್ರಮೇಣ ಆಕ್ರಮಿಸುತ್ತದೆ. ಮೊದಲು ಬಾಧೆಗೊಳಗಾಗುವುದು ಮಿದುಳು ಮತ್ತು ಹೃದಯ.

ಮನೆಯೊಳಗಿನ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್‌ನ ಪ್ರಮಾಣವು ಪ್ರತಿ ಘನ ಮೀಟರಿಗೆ 15 ನಿಮಿಷದ ಅವಧಿಗೆ 100 ಮಿಲಿಗ್ರಾಂ, ಒಂದು ಗಂಟೆಗೆ 35 ಮಿಲಿಗ್ರಾಂ ಹಾಗೂ 8 ಗಂಟೆಗಳಿಗೆ 10 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಗಸೂಚಿ ನೀಡಿದೆ. 2021ರಲ್ಲಿ ಸಂಸ್ಥೆಯು 24 ಗಂಟೆಗಳ ಅವಧಿಗೆ 4 ಮಿಲಿಗ್ರಾಂ ಮಿತಿಯನ್ನು ಸೂಚಿಸಿತು. ಅವಧಿ ಹೆಚ್ಚಿದಂತೆ ಮಿತಿಯು ತಗ್ಗುವುದನ್ನು ಗಮನಿಸಬೇಕು. ಅಡುಗೆ ಮಾಡಿದ ಕೊಠಡಿಯಲ್ಲಿಯೇ ರಾತ್ರಿಯಿಡೀ ಮಲಗುವವರಿಗೆ ಇದು ಮುಖ್ಯವಾದ ವಿಷಯ.

ಗರ್ಭಿಣಿಯರು, ಶಿಶುಗಳು, ವೃದ್ಧರು, ಹೃದ್ರೋಗಿಗಳು ಮತ್ತು ರಕ್ತಹೀನತೆಯುಳ್ಳವರಿಗೆ ಅಪಾಯ ಹೆಚ್ಚು. ತಾಯಿಯು ಚೇತರಿಸಿಕೊಂಡಂತೆ ಕಂಡರೂ ಗರ್ಭಸ್ಥ ಶಿಶುವಿನ ರಕ್ತದಿಂದ ಈ ವಿಷವು ಹೊರಹೋಗಲು ಹೆಚ್ಚು ಸಮಯ ಬೇಕಾಗುತ್ತದೆ.

3. ಕರಾವಳಿಯ ಮಳೆಗಾಲ ಮತ್ತು ಮುಚ್ಚಿದ ಕಿಟಕಿ

ಸೌದೆ ಒಲೆಯಿದ್ದ ಹಳೆಯ ಮನೆಗಳಲ್ಲಿ ಹೊಗೆಯೇ ಎಚ್ಚರಿಕೆಯನ್ನು ನೀಡುತ್ತಿತ್ತು. ಕಣ್ಣು ಉರಿದಾಗ ಮನೆಯವರು ಬಾಗಿಲು ತೆರೆಯುತ್ತಿದ್ದರು. ಹಂಚಿನ ಮಾಡಿನ ಸಂದುಗಳಿಂದಲೂ ಒಲೆಯ ಮೇಲಿನ ಬೆಳಕಿಂಡಿಯಿಂದಲೂ ಹೊಗೆಯು ಹೊರಹೋಗುತ್ತಿತ್ತು. ಅಡುಗೆ ಅನಿಲವು ಬಂದ ಮೇಲೆ ಗೃಹಿಣಿಯರು ಹೊಗೆಯಿಂದ ಪಾರಾದರು. ಇದು ಆರೋಗ್ಯದ ದೃಷ್ಟಿಯಿಂದ ದೊಡ್ಡ ಲಾಭ. ಆದರೆ ಹೊಗೆಯೊಂದಿಗೆ ಕಿಟಕಿ ತೆರೆಯುವ ಅಭ್ಯಾಸವೂ ಕಡಿಮೆಯಾಯಿತು. ಹಂಚಿನ ಬದಲು ತಾರಸಿ, ಮರದ ಕಿಟಕಿಯ ಬದಲು ಬಿಗಿಯಾಗಿ ಕೂರುವ ಅಲ್ಯೂಮಿನಿಯಂ ಕಿಟಕಿ ಬಂದುದರಿಂದ ಗಾಳಿಯಾಡುವ ಸಂದುಗಳೂ ಮುಚ್ಚಿದವು.

ಶರಾವತಿಯ ಅಳಿವೆಯ ದಕ್ಷಿಣ ದಡದಲ್ಲಿರುವ ಕಾಸರಕೋಡದಲ್ಲಿ, ಕರಾವಳಿಯ ಉಳಿದ ಊರುಗಳಂತೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುರಿಯುತ್ತದೆ. ಕಡಲ ಕಡೆಯಿಂದ ಬೀಸುವ ಗಾಳಿಮಳೆಗೆ ಎರಚಲು ಹೊಡೆಯದಂತೆ ಕಿಟಕಿ ಮುಚ್ಚುವುದು, ತಾಡಪಾಲು ಕಟ್ಟುವುದು ಅನಿವಾರ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕುಟುಂಬದವರೆಲ್ಲರೂ ಇದೇ ಅವಧಿಯಲ್ಲಿ ಹೆಚ್ಚು ಹೊತ್ತು ಮನೆಯೊಳಗೆ ಇರುತ್ತಾರೆ. ಕುಚ್ಚಲಕ್ಕಿಯು ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಸಮಯ ಬೇಕಾಗುವುದರಿಂದ ಒಲೆಯೂ ದೀರ್ಘಕಾಲ ಉರಿಯುತ್ತದೆ. ಮುಚ್ಚಿದ ಕೊಠಡಿ, ಹೆಚ್ಚು ಜನ, ಹೆಚ್ಚು ಹೊತ್ತಿನ ಉರಿ ಈ ಮೂರೂ ಸೇರುವ ಕಾಲ ಇದು.

4. ಲೆಕ್ಕದ ಒಂದು ಉದಾಹರಣೆ

ಒಂದು ಕಿಲೋಗ್ರಾಂ ಅಡುಗೆ ಅನಿಲವು ಪೂರ್ಣವಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. 10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರದ ಕೊಠಡಿಯಲ್ಲಿರುವ ಗಾಳಿಯು ಸುಮಾರು 18 ಘನ ಮೀಟರ್. ಎರಡು ಬರ್ನರುಗಳು ಒಂದು ಗಂಟೆಯಲ್ಲಿ ಒಟ್ಟು 300 ಗ್ರಾಂ ಅನಿಲವನ್ನು ಉರಿಸಿದರೆ ಸುಮಾರು 4 ಘನ ಮೀಟರ್ ಗಾಳಿಯ ಆಮ್ಲಜನಕವು ವ್ಯಯವಾಗುತ್ತದೆ. ಎಂದರೆ ಬಿಗಿಯಾಗಿ ಮುಚ್ಚಿದ ಕೊಠಡಿಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಆಮ್ಲಜನಕವು ಕಡಿಮೆಯಾದಂತೆ ಉರಿಯು ಕೆಡುತ್ತದೆ. ಉರಿಯು ಕೆಟ್ಟಂತೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ.

ಸ್ನಾನದ ಮನೆಯ ಗ್ಯಾಸ್ ಗೀಸರಿಗೆ ಇದೇ ಲೆಕ್ಕವನ್ನು ಅನ್ವಯಿಸಿದರೆ ಅಪಾಯವು ಇನ್ನೂ ಸ್ಪಷ್ಟವಾಗುತ್ತದೆ. 12 ಕಿಲೋವಾಟ್ ಸಾಮರ್ಥ್ಯದ ಗೀಸರ್ ಹತ್ತು ನಿಮಿಷದಲ್ಲಿ ಸುಮಾರು 150 ಗ್ರಾಂ ಅನಿಲವನ್ನು ಉರಿಸಿ 2 ಘನ ಮೀಟರ್ ಗಾಳಿಯನ್ನು ಬಳಸುತ್ತದೆ. 5 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರದ ಸ್ನಾನದ ಮನೆಯಲ್ಲಿರುವ ಒಟ್ಟು ಗಾಳಿಯೇ ನಾಲ್ಕೂವರೆ ಘನ ಮೀಟರ್.

5. ರಾಜ್ಯದಲ್ಲಿ ಸಂಭವಿಸಿದ ಪ್ರಕರಣಗಳು

2023ರ ಸೆಪ್ಟೆಂಬರ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಕೋಳಿ ಫಾರಂನ ಕೊಠಡಿಯೊಂದರಲ್ಲಿ ಇದ್ದಿಲು ಹೊತ್ತಿಸಿ ಮಲಗಿದ್ದ ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರ್ ಇದ್ದ ಸ್ನಾನದ ಮನೆಯಲ್ಲಿ ಇಬ್ಬರು ಸಹೋದರಿಯರು ಮೃತಪಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿ ಕಾಯಲು ಇದ್ದಿಲು ಹೊತ್ತಿಸಿ, ಬಾಗಿಲು ಮುಚ್ಚಿ ಮಲಗಿದ ಮೂವರು ಯುವಕರು ಮೃತಪಟ್ಟರು.

ಈ ಪ್ರಕರಣಗಳಲ್ಲಿ ಸಾವಿಗೆ ಕಾರಣವಾದುದು ಅಡುಗೆ ಒಲೆಯಲ್ಲ. ಸುಸ್ಥಿತಿಯಲ್ಲಿರುವ ಅನಿಲ ಒಲೆಯು ಗಾಳಿಯಾಡುವ ಕೊಠಡಿಯಲ್ಲಿ ಉಂಟುಮಾಡುವ ಕಾರ್ಬನ್ ಮೊನಾಕ್ಸೈಡ್ ಬಹಳ ಕಡಿಮೆ. ಆದರೆ ಚಿಕ್ಕ ಮನೆಗಳಲ್ಲಿ ಒಲೆ, ಗೀಸರ್, ಇದ್ದಿಲ ಕೆಂಡ ಮೂರೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಆದುದರಿಂದ ಒಲೆಗೆ ಮಾತ್ರ ಎಚ್ಚರಿಕೆ ವಹಿಸಿದರೆ ಸಾಲದು.

6. ಒಲೆಯ ಉರಿಯನ್ನು ಪರೀಕ್ಷಿಸುವ ಬಗೆ

ಸರಿಯಾದ ಉರಿಯು ನೀಲಿಯಾಗಿ, ಸ್ಥಿರವಾಗಿ, ಚೂಪಾಗಿರುತ್ತದೆ. ಈ ಕೆಳಗಿನ ಲಕ್ಷಣಗಳು ಕಂಡುಬಂದಲ್ಲಿ ಒಲೆಯನ್ನು ದುರಸ್ತಿ ಮಾಡಿಸತಕ್ಕದ್ದು:

ಅ) ಉರಿಯ ತುದಿಯು ನಿರಂತರವಾಗಿ ಹಳದಿಯಾಗಿದ್ದು, ಜೋತಾಡುವಂತೆ ಕಾಣುವುದು.
ಆ) ಪಾತ್ರೆಯ ತಳಕ್ಕೆ ಕಪ್ಪು ಮಸಿ ಹಿಡಿಯುವುದು.
ಇ) ಬರ್ನರಿನ ಕೆಲವು ರಂಧ್ರಗಳಲ್ಲಿ ಮಾತ್ರ ಉರಿ ಇರುವುದು, ಅಥವಾ ಉರಿಯು ಬರ್ನರನ್ನು ಬಿಟ್ಟು ಮೇಲೇಳುವುದು.
ಈ) ಅಡುಗೆ ಮಾಡುವಾಗ ಕಿಟಕಿಯ ಗಾಜು ಮತ್ತು ಗೋಡೆಗಳ ಮೇಲೆ ನೀರು ಬಸಿಯುವುದು. ಒಂದು ಕಿಲೋಗ್ರಾಂ ಅನಿಲವು ಉರಿದಾಗ ಸುಮಾರು ಒಂದೂವರೆ ಕಿಲೋಗ್ರಾಂ ನೀರಾವಿ ಉಂಟಾಗುತ್ತದೆ. ಅದು ಹೊರಹೋಗದಿದ್ದರೆ ಉರಿದ ಅನಿಲಗಳೂ ಹೊರಹೋಗುತ್ತಿಲ್ಲವೆಂದು ತಿಳಿಯಬೇಕು. ಇದು ಒಲೆಯ ದೋಷವಲ್ಲದೆ ಗಾಳಿಯ ದಾರಿಯ ದೋಷವೂ ಆಗಿರಬಹುದು.

ಸಮುದ್ರತೀರದ ಗ್ರಾಹಕರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಉಪ್ಪಿನ ಕಣಗಳು ಉರಿಗೆ ಬಿದ್ದಾಗ ಕ್ಷಣಕಾಲ ಕಿತ್ತಳೆ ಬಣ್ಣವು ಮಿಂಚುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಇದಕ್ಕೆ ಕಾರಣ; ಇದು ದೋಷವಲ್ಲ. ಆದರೆ ಅದೇ ಉಪ್ಪುಗಾಳಿಯು ಒಲೆಯ ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಉಕ್ಕಿ ಸುರಿದ ಗಂಜಿಯು ಒಣಗಿ ಬರ್ನರಿನ ರಂಧ್ರಗಳನ್ನು ಮುಚ್ಚುತ್ತದೆ. ಬರ್ನರನ್ನು ವಾರಕ್ಕೊಮ್ಮೆ ತೆಗೆದು, ತೊಳೆದು, ಪೂರ್ಣ ಒಣಗಿಸಿ ಕೂರಿಸಬೇಕು. ಒಲೆಯನ್ನು ಪೂರ್ಣವಾಗಿ ಆವರಿಸುವ ಅಗಲವಾದ ಪಾತ್ರೆಗಳನ್ನು ಇಡಬಾರದು. ತಣ್ಣಗಿನ ಅಗಲ ತಳವು ಉರಿಯನ್ನು ಅದುಮಿ ಅರೆಬರೆಯಾಗಿ ಉರಿಯುವಂತೆ ಮಾಡುತ್ತದೆ.

7. ಗಾಳಿಯ ವ್ಯವಸ್ಥೆ

ಅಡುಗೆ ಕೋಣೆಗೆ ಬಯಲಿಗೆ ತೆರೆಯುವ ಕನಿಷ್ಠ ಒಂದು ಚದರ ಮೀಟರ್ ಅಳತೆಯ ಕಿಟಕಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯು ಸೂಚಿಸುತ್ತದೆ. ಇಷ್ಟು ಅವಕಾಶವಿಲ್ಲದ ಒಂಟಿ ಕೊಠಡಿಗಳಲ್ಲಿಯೂ ಎರಡು ಶಾಶ್ವತ ತೆರಪುಗಳು ಇರಲೇಬೇಕು: ಒಂದು ನೆಲದ ಮಟ್ಟದಲ್ಲಿ, ಇನ್ನೊಂದು ಮಾಡಿನ ಸಮೀಪದಲ್ಲಿ. ಬಿಸಿಯಾದ ಅನಿಲಗಳು ಮೇಲಿನಿಂದ ಹೊರಹೋಗುತ್ತವೆ, ಹೊಸ ಗಾಳಿಯು ಕೆಳಗಿನಿಂದ ಒಳಬರುತ್ತದೆ. ಸಿಲಿಂಡರಿನಿಂದ ಸೋರಿದ ಅನಿಲವು ಹೊರಹೋಗಲು ಕೆಳಗಿನ ತೆರಪೇ ದಾರಿ. ಮಳೆಯ ಎರಚಲು ತಡೆಯಲು ತೆರಪಿನ ಹೊರಗೆ ಇಳಿಜಾರಾದ ತಗಡು ಅಥವಾ ಓರೆಪಟ್ಟಿಗಳನ್ನು ಅಳವಡಿಸಬಹುದು, ತೆರಪನ್ನೇ ಮುಚ್ಚಬಾರದು.

ಗಾಳಿ ಹೊರಹಾಕುವ ಫ್ಯಾನ್ (ಎಕ್ಸಾಸ್ಟ್ ಫ್ಯಾನ್) ಉಪಯುಕ್ತವಾದುದು. ಆದರೆ ಗಾಳಿಯು ಒಳಬರಲು ದಾರಿಯಿಲ್ಲದಿದ್ದರೆ ಅದು ಕೆಲಸ ಮಾಡದು. ಗಾಳಿಮಳೆಗೆ ವಿದ್ಯುತ್ ಕಡಿತವಾದಾಗ ಅದು ನಿಂತುಹೋಗುವುದರಿಂದ ತೆರಪಿಗೆ ಬದಲಿಯೂ ಅಲ್ಲ.

ಬಾಡಿಗೆ ಮನೆಗಳಲ್ಲಿ ಇಂತಹ ತೆರಪುಗಳನ್ನು ಒದಗಿಸಲು ಮನೆಯ ಮಾಲೀಕರು ಸಹಕರಿಸಬೇಕೆಂದು ಕೋರಲಾಗಿದೆ.

8. ಮಾಡಬಾರದ ಕೆಲಸಗಳು

1) ಕೊಠಡಿಯನ್ನು ಬೆಚ್ಚಗಿಡಲು ಅಥವಾ ಬಟ್ಟೆ ಒಣಗಿಸಲು ಅನಿಲ ಒಲೆಯನ್ನು ಉರಿಸಬಾರದು.
2) ಒಲೆ ಉರಿಯುತ್ತಿರುವಾಗ ಮಲಗಬಾರದು. ಮಲಗುವ ಮುನ್ನ ರೆಗ್ಯುಲೇಟರನ್ನು ಬಂದ್ ಮಾಡಬೇಕು.
3) ಗ್ಯಾಸ್ ಗೀಸರನ್ನು ಸ್ನಾನದ ಮನೆಯೊಳಗೆ ಅಳವಡಿಸಬಾರದು. ಗೀಸರ್ ಹೊರಗಿದ್ದು, ಬಿಸಿನೀರು ಮಾತ್ರ ಕೊಳವೆಯ ಮೂಲಕ ಒಳಬರಬೇಕು. ಈಗಾಗಲೇ ಒಳಗಿದ್ದಲ್ಲಿ, ಸ್ಥಳಾಂತರಿಸುವವರೆಗೆ ಬಕೆಟಿಗೆ ನೀರು ತುಂಬಿಸಿ, ಗೀಸರನ್ನು ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿದ ನಂತರವೇ ಸ್ನಾನಕ್ಕೆ ಹೋಗಬೇಕು.
4) ಬಾಣಂತಿ ಮತ್ತು ಹಸುಗೂಸು ಇರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡಬಾರದು. ಹೊಗೆಯಿಲ್ಲದ ಕೆಂಡವು ನಿರಪಾಯಕಾರಿ ಎಂಬುದು ತಪ್ಪು ತಿಳುವಳಿಕೆ. ಇದ್ದಿಲ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲ ಒಲೆಯದಕ್ಕಿಂತ ಬಹಳ ಹೆಚ್ಚು. ಬೆಚ್ಚಗಿಡಲು ಕಂಬಳಿ, ಬಿಸಿನೀರಿನ ಚೀಲಗಳನ್ನು ಬಳಸುವುದು ಸೂಕ್ತ.
5) ಮೀನುಗಾರಿಕೆ ದೋಣಿಗಳ ಕ್ಯಾಬಿನ್ನಿನಲ್ಲಿ ಬಾಗಿಲು ಮುಚ್ಚಿ ಅಡುಗೆ ಮಾಡಬಾರದು. ಸೋರಿದ ಅನಿಲವು ದೋಣಿಯ ತಳಭಾಗಕ್ಕೆ ಇಳಿದು ನಿಲ್ಲುವುದರಿಂದ ಸಿಲಿಂಡರನ್ನು ಮೇಲ್ಭಾಗದ ಬಯಲಿನಲ್ಲಿ ಇಡಬೇಕು. ಇಂಜಿನ್ನಿನ ಹೊಗೆಯಲ್ಲಿಯೂ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ, ಇಂಜಿನ್ ಚಾಲನೆಯಲ್ಲಿರುವಾಗ ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಬಾರದು.
6) ದೊಡ್ಡ ಸಿಲಿಂಡರಿನಿಂದ ಸಣ್ಣ ಸಿಲಿಂಡರಿಗೆ ಅನಿಲವನ್ನು ತುಂಬಿಸಬಾರದು. ಇದು ಕಾನೂನುಬಾಹಿರ ಹಾಗೂ ಪ್ರಾಣಾಪಾಯಕಾರಿ.

9. ವಿಷಬಾಧೆಯ ಲಕ್ಷಣಗಳು

ತಲೆನೋವು, ತಲೆಸುತ್ತು, ವಾಕರಿಕೆ, ಆಯಾಸ, ಮಂಕು ಕವಿಯುವುದು ಮೊದಲ ಲಕ್ಷಣಗಳು. ಮಳೆಗಾಲದಲ್ಲಿ ಇವುಗಳನ್ನು ಶೀತ ಅಥವಾ ಪಿತ್ತವೆಂದು ಭಾವಿಸಿ ಮಲಗಿಬಿಡುವ ಸಂಭವವಿದೆ. ಹಾಗೆ ಮಲಗಿದವರು ಏಳದೇ ಹೋಗಬಹುದು. ಕೆಳಗಿನ ಮೂರು ಸೂಚನೆಗಳಿಂದ ವ್ಯತ್ಯಾಸವನ್ನು ಗುರುತಿಸಬಹುದು:

ಅ) ಮನೆಯಲ್ಲಿರುವ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಮ್ಮೆಲೇ ತಲೆನೋವು ಬರುವುದು.
ಆ) ಜ್ವರವಿಲ್ಲದಿರುವುದು.
ಇ) ಹೊರಗೆ ಹೋದಾಗ ಹಗುರವೆನಿಸಿ, ಒಳಬಂದಾಗ ಮರುಕಳಿಸುವುದು.

ಕೋವಿಡ್ ಸಮಯದಲ್ಲಿ ಅನೇಕ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಖರೀದಿಸಲಾಗಿದೆ. ಈ ಸಾಮಾನ್ಯ ಉಪಕರಣವು ಹಿಮೋಗ್ಲೋಬಿನ್‌ಗೆ ಅಂಟಿದ ಕಾರ್ಬನ್ ಮೊನಾಕ್ಸೈಡನ್ನೂ ಆಮ್ಲಜನಕವೆಂದೇ ಎಣಿಸುವುದರಿಂದ, ರೋಗಿಯು ಗಂಭೀರ ಸ್ಥಿತಿಯಲ್ಲಿದ್ದರೂ 98 ಅಥವಾ 99 ಎಂದು ತೋರಿಸಬಹುದು. ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

10. ತುರ್ತು ಸಂದರ್ಭದಲ್ಲಿ ಕೈಗೊಳ್ಳಬೇಕಾದ ಕ್ರಮ

1) ಬಾಗಿಲು, ಕಿಟಕಿಗಳನ್ನು ತೆರೆದು ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತರಬೇಕು. ಒಲೆ, ಗೀಸರ್ ಕೈಗೆಟುಕುವಂತಿದ್ದರೆ ಆರಿಸಬೇಕು. ಒಬ್ಬರನ್ನು ರಕ್ಷಿಸಲು ಒಳಹೋಗಿ ಇನ್ನೊಬ್ಬರು ಕುಸಿಯುವ ಸಂಭವವಿರುವುದರಿಂದ ಒಳಗೆ ಹೆಚ್ಚು ಹೊತ್ತು ನಿಲ್ಲಬಾರದು.
2) ಅನಿಲದ ವಾಸನೆಯೂ ಇದ್ದಲ್ಲಿ ವಿದ್ಯುತ್ ಸ್ವಿಚ್, ಫ್ಯಾನ್ ಯಾವುದನ್ನೂ ಹಾಕಬಾರದು, ಆರಿಸಲೂಬಾರದು.
3) ಆಂಬುಲೆನ್ಸ್‌ಗಾಗಿ 108, ಇತರ ತುರ್ತು ನೆರವಿಗಾಗಿ 112, ಅನಿಲ ಸೋರಿಕೆಗಾಗಿ 1906 ಸಂಖ್ಯೆಗೆ ಕರೆ ಮಾಡಬೇಕು.
4) ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಮಜ್ಜಿಗೆ ಮುಂತಾದುವನ್ನು ಹಾಕಬಾರದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು.
5) "ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಅಥವಾ ಇದ್ದಿಲು ಉರಿಯುತ್ತಿತ್ತು" ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಮತ್ತು ಚಿಕಿತ್ಸೆಯು ಬೇಗ ದೊರೆಯುತ್ತದೆ.

ಇದಕ್ಕೆ ಮುಖ್ಯ ಚಿಕಿತ್ಸೆ ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕಿಳಿಯಲು 4ರಿಂದ 5 ಗಂಟೆಗಳು ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ನೀಡಿದರೆ ಅದು ಸುಮಾರು ಒಂದರಿಂದ ಒಂದೂವರೆ ಗಂಟೆಯಲ್ಲಿ ಸಾಧ್ಯವಾಗುತ್ತದೆ. ಚೇತರಿಸಿಕೊಂಡ ಕೆಲವರಲ್ಲಿ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ವ್ಯತ್ಯಾಸ ಕಂಡುಬರಬಹುದಾದ್ದರಿಂದ ಮರುಪರೀಕ್ಷೆಯು ಅಗತ್ಯ.

11. ಎಚ್ಚರಿಕೆ ಗಂಟೆಯ ಉಪಕರಣ

ಕಾರ್ಬನ್ ಮೊನಾಕ್ಸೈಡನ್ನು ಗುರುತಿಸಿ ಸದ್ದು ಮಾಡುವ, ಬ್ಯಾಟರಿಯಿಂದ ನಡೆಯುವ ಉಪಕರಣಗಳು ದೊರೆಯುತ್ತವೆ. ಖರೀದಿಸುವಾಗ ಅದು ಇ.ಎನ್. 50291 ಮಾನದಂಡಕ್ಕೆ ಅನುಗುಣವಾಗಿದೆಯೇ ಎಂದು ನೋಡಬೇಕು. ಅಡುಗೆ ಅನಿಲದ ಸೋರಿಕೆಯನ್ನು ಗುರುತಿಸುವ ಉಪಕರಣವು ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಉಪಕರಣವಿದ್ದರೂ ಗಾಳಿಯ ತೆರಪು ಬೇಕೇ ಬೇಕು.

12. ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಹೊಸ ಸಂಪರ್ಕಕ್ಕೆ ಗುರುತಿನ ಮತ್ತು ವಿಳಾಸದ ದಾಖಲೆಗಳೊಂದಿಗೆ ಹತ್ತಿರದ ಅನಿಲ ವಿತರಕರಲ್ಲಿ ಅರ್ಜಿ ಸಲ್ಲಿಸಬಹುದು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆಯಡಿ, ಅನಿಲ ಸಂಪರ್ಕವಿಲ್ಲದ ಬಡ ಕುಟುಂಬಗಳ ವಯಸ್ಕ ಮಹಿಳೆಯರ ಹೆಸರಿನಲ್ಲಿ ಸಂಪರ್ಕ ನೀಡಲಾಗುತ್ತದೆ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇದರ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳು ವಿಳಾಸದ ದಾಖಲೆಯ ಬದಲು ಸ್ವಯಂ ಘೋಷಣೆಯನ್ನು ಸಲ್ಲಿಸಲು ಅವಕಾಶ ಕಲ್ಪಿಸಲಾಯಿತು. ಬಾಡಿಗೆ ಕೊಠಡಿಗಳಲ್ಲಿರುವ ಕಾರ್ಮಿಕರು ವಿಳಾಸದ ದಾಖಲೆಯಿಲ್ಲದೆ, ಗುರುತಿನ ಚೀಟಿಯ ಆಧಾರದ ಮೇಲೆ 5 ಕಿಲೋಗ್ರಾಂ ಸಿಲಿಂಡರನ್ನು ಖರೀದಿಸಬಹುದು. ಕಾನೂನುಬಾಹಿರವಾಗಿ ತುಂಬಿಸಿದ ಸಣ್ಣ ಸಿಲಿಂಡರುಗಳನ್ನು ಬಳಸುವ ಅಗತ್ಯವೇ ಇಲ್ಲ.

ಸಂಪರ್ಕವನ್ನು ಅಳವಡಿಸುವ ದಿನದೊಳಗೆ ಅರ್ಜಿದಾರರು ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

ಅ) ಮೇಲೆ ಮತ್ತು ಕೆಳಗೆ ಗಾಳಿಯ ತೆರಪುಗಳಿವೆ.
ಆ) ಸಿಲಿಂಡರ್ ನೆಲದ ಮೇಲೆ ನೇರವಾಗಿ ನಿಂತಿದ್ದು, ಒಲೆಯು ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿದೆ.
ಇ) ಒಲೆಯು ಭಾರತೀಯ ಮಾನಕ ಬ್ಯೂರೋದ ಐ.ಎಸ್. 4246 ಮಾನದಂಡದ ಗುರುತನ್ನು ಹೊಂದಿದೆ.
ಈ) ಸುರಕ್ಷಾ ರಬ್ಬರ್ ಕೊಳವೆಯನ್ನು ಅಳವಡಿಸಲಾಗಿದೆ. ಇದನ್ನು 5 ವರ್ಷಗಳಿಗೊಮ್ಮೆ ಬದಲಾಯಿಸಬೇಕು.
ಉ) ಹಾಸಿಗೆಯು ಒಲೆಯಿಂದ ಸಾಧ್ಯವಾದಷ್ಟು ದೂರದಲ್ಲಿ, ಬಾಗಿಲು ಅಥವಾ ಕಿಟಕಿಯ ಸಮೀಪದಲ್ಲಿದೆ.

ವಿತರಕರ ಸಿಬ್ಬಂದಿಯು 5 ವರ್ಷಗಳಿಗೊಮ್ಮೆ ನಡೆಸುವ ಕಡ್ಡಾಯ ತಪಾಸಣೆಗೆ ಗ್ರಾಹಕರು ಸಹಕರಿಸಬೇಕು. ಆ ಸಂದರ್ಭದಲ್ಲಿ ಉರಿಯ ಬಣ್ಣವನ್ನೂ ಗಾಳಿಯ ವ್ಯವಸ್ಥೆಯನ್ನೂ ನೋಡಿ ಸಲಹೆ ನೀಡುವಂತೆ ಕೇಳಬಹುದು. ಸೇವೆಯ ಬಗ್ಗೆ ದೂರುಗಳಿದ್ದಲ್ಲಿ ಶುಲ್ಕರಹಿತ ದೂರವಾಣಿ ಸಂಖ್ಯೆ 1800-2333-555ಕ್ಕೆ ಕರೆ ಮಾಡಬಹುದು ಅಥವಾ ಆಯಾ ತಾಲ್ಲೂಕಿನ ತಹಸೀಲ್ದಾರರ ಕಚೇರಿಯ ಆಹಾರ ಶಾಖೆಯಲ್ಲಿ ಲಿಖಿತವಾಗಿ ಸಲ್ಲಿಸಬಹುದು.

ಮುಂಗಾರು ಆರಂಭವಾಗುವ ಮುನ್ನ, ಮಾಡು ಮತ್ತು ಕಿಟಕಿಗಳ ದುರಸ್ತಿಯನ್ನು ಕೈಗೊಳ್ಳುವಾಗಲೇ ಗಾಳಿಯ ತೆರಪುಗಳನ್ನೂ ಪರಿಶೀಲಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.